ಹಡಗಿನಿಂದ ಇಳಿದ ಮೇಲೆ ಅಗ್ಗದ ಇಂಟರ್ನೆಟ್

ಕೃಷ್ಣಾತೀರದ ಉಗಾರ ಬುದ್ರುಕ, ಉಗಾರ ಖುರ್ದ, ಶೇಡಬಾಳ, ಕಾಗವಾಡ ಮೊದಲಾದ ಗಡಿಯ ಊರುಗಳಲ್ಲಿ ವಾಸಿಸುವವರು ರೋಮಿಂಗ್ ಶುಲ್ಕದ ಉಪದ್ರವವನ್ನು ಮನೆಯಲ್ಲಿ ಕುಳಿತೇ ಅನುಭವಿಸಿದವರು. ಮೊಬೈಲ್ ಫೋನು ಈ ಭಾಗಕ್ಕೆ ಹೊಸದಾಗಿ ಬಂದ ಕಾಲದಲ್ಲಿ ಕರ್ನಾಟಕವು ಒಂದು ಟೆಲಿಕಾಂ ಸರ್ಕಲ್ ಆಗಿದ್ದು, ಮಹಾರಾಷ್ಟ್ರ ಮತ್ತು ಗೋವೆಗಳು ಕೂಡಿ ಇನ್ನೊಂದು ಸರ್ಕಲ್ ಆಗಿದ್ದ ಕಾರಣ, ಹೊಲದ ಬದುವಿನ ಮೇಲೆ ನಿಂತು ಮಾತನಾಡುತ್ತಿದ್ದವನ ಫೋನು ಅವನಿಗೆ ತಿಳಿಯದಂತೆ ಮಿರಜದ ಕಡೆಯ ಟವರನ್ನು ಹಿಡಿದುಬಿಟ್ಟರೆ, ಬಂದ ಕರೆಗೂ ದುಡ್ಡು, ಮಾಡಿದ ಕರೆಗೂ ಹೆಚ್ಚಿನ ದುಡ್ಡು ಕಡಿತವಾಗಿ, ಸಂಜೆಯೊಳಗೆ ಬ್ಯಾಲೆನ್ಸು ಬರಿದಾಗುತ್ತಿತ್ತು. 2017ರ ಹೊತ್ತಿಗೆ ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕಂಪನಿಗಳು ಕೈಬಿಟ್ಟ ಮೇಲೆ ಆ ಕಾಟ ತಪ್ಪಿತು. ಈಗಿನ ಎಳೆಯರಿಗೆ ಅದರ ನೆನಪೂ ಇಲ್ಲ. ಆದರೆ ಫೋನು ಯಾರ ಟವರಿಗೆ ಅಂಟಿಕೊಂಡಿದೆಯೆಂಬುದನ್ನು ನೋಡಿಕೊಂಡೇ ಮಾತಿಗೆ ತೊಡಗಬೇಕೆಂಬ ಅಂದಿನ ಎಚ್ಚರವು ಇಂದು ನಾವು ನಿರೀಕ್ಷಿಸದಿದ್ದ ಮತ್ತೊಂದು ಕಡೆಯಲ್ಲಿ, ಅಂದರೆ ಸಮುದ್ರದ ಮೇಲೆ, ಪುನಃ ಅವಶ್ಯಕವಾಗಿದೆ.

ಹಡಗಿನ ವಿಹಾರಯಾತ್ರೆಯು ಒಂದು ಕಾಲಕ್ಕೆ ಧನಿಕರ ವಿಲಾಸವಾಗಿದ್ದುದು ಈಗ ಮಧ್ಯಮವರ್ಗದ ಕುಟುಂಬಗಳ ಕೈಗೂ ಎಟಕುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ಹಡಗು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚಾರ ಆರಂಭಿಸಿದ ಮೇಲೆ, ಮಿರಜದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮುಂಬಯಿಯಲ್ಲಿ ಇಳಿಯುವುದನ್ನು ಬಲ್ಲ ನಮ್ಮವರಿಗೆ ಬಲ್ಲಾರ್ಡ್ ಪಿಯರಿನ ಹಡಗುಕಟ್ಟೆಯೇನೂ ದೂರದ ಸ್ಥಳವಲ್ಲ. ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ವರುಷವೋ, ಬೆಂಗಳೂರು-ಪುಣೆಗಳಲ್ಲಿ ಕೆಲಸದಲ್ಲಿರುವ ಮಕ್ಕಳು ತಂದೆತಾಯಿಗಳಿಗೆ ಟಿಕೆಟು ತೆಗೆಸಿಕೊಟ್ಟಾಗಲೋ ಇಂಥ ಯಾತ್ರೆಯ ಸಂಕಲ್ಪವಾಗುತ್ತದೆ. ಇನ್ನು ಕೆಲವರು ವಿಮಾನದಲ್ಲಿ ಸಿಂಗಪುರಕ್ಕೋ ದುಬೈಗೋ ಹೋಗಿ ಅಲ್ಲಿಂದ ಹಡಗು ಹತ್ತುತ್ತಾರೆ. ಹೊರಡುವವರು ಮೊದಲು ಊಟದ ವಿಚಾರವನ್ನೂ ಅನಂತರ ನೆಟ್ಟಿನ ವಿಚಾರವನ್ನೂ ಕೇಳುತ್ತಾರೆ. ಊಟದ ಬಗೆಗೆ ಹೇಳುವವರು ಬಹಳ ಮಂದಿ ಇರುವುದರಿಂದ, ಎರಡನೆಯದನ್ನು ಕುರಿತು ವಿವರವಾಗಿ ಬರೆಯುವುದು ಯುಕ್ತವೆಂದು ಭಾವಿಸಿದ್ದೇನೆ.

ಹಡಗಿನಲ್ಲಿ ಇಂಟರ್ನೆಟ್ ಇಲ್ಲವೆಂದಲ್ಲ. ಉಂಟು, ಆದರೆ ದುಬಾರಿ. ನೆಲದ ಮೇಲಿನ ಟವರುಗಳ ಹಿಂದೆ ಆಪ್ಟಿಕಲ್ ಫೈಬರ್ ತಂತಿಯಿರುತ್ತದೆ. ನಡುಗಡಲಿನಲ್ಲಿ ತೇಲುವ ಹಡಗಿಗೆ ತಂತಿಯನ್ನು ಎಳೆಯುವುದು ಅಸಾಧ್ಯವಾದುದರಿಂದ ಅದು ಉಪಗ್ರಹವನ್ನೇ ಆಶ್ರಯಿಸಬೇಕು. ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ನೆಲೆನಿಂತ ಭೂಸ್ಥಿರ ಉಪಗ್ರಹಕ್ಕೆ ಸಂಕೇತವು ಏರಿ, ಇಳಿದು, ಉತ್ತರ ಹೊತ್ತು ಮರಳುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಕಳೆದುಹೋಗುತ್ತದೆ; ವಿಡಿಯೋ ಕರೆಯಲ್ಲಿ ಇಬ್ಬರೂ ಒಮ್ಮೆಲೇ ಮಾತನಾಡಿ ಇಬ್ಬರೂ ಒಮ್ಮೆಲೇ ಸುಮ್ಮನಾಗುವುದು ಇದರಿಂದಲೇ. ಇತ್ತೀಚೆಗೆ ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ದೊಡ್ಡ ದೊಡ್ಡ ಕಂಪನಿಗಳು ತಮ್ಮ ಹಡಗುಗಳಿಗೆ ಜೋಡಿಸಿಕೊಂಡಿರುವುದರಿಂದ ವೇಗವು ಬಹುಮಟ್ಟಿಗೆ ಸುಧಾರಿಸಿದೆ. ಆದರೂ ಸಾವಿರಾರು ಪ್ರಯಾಣಿಕರೂ ನೂರಾರು ನೌಕರರೂ ಒಂದೇ ಸಂಪರ್ಕಕ್ಕೆ ಬಾಯಿ ಹಚ್ಚಿದಾಗ, ಏತ ನೀರಾವರಿಯ ಕೊನೆಯ ಹೊಲದ ರೈತನಿಗೆ ನೀರು ಮುಟ್ಟುವ ರೀತಿಯಲ್ಲಿಯೇ ನೆಟ್ಟು ಮುಟ್ಟುತ್ತದೆ. ದರವಂತೂ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ, ಒಂದೊಂದು ಫೋನಿಗೆ ಇಷ್ಟೆಂದು ಇರುತ್ತದೆ; ನಾಲ್ವರ ಕುಟುಂಬವು ಯಾತ್ರೆಯುದ್ದಕ್ಕೂ ಅದನ್ನು ಕೊಂಡರೆ, ನೆಲದ ಮೇಲೆ ತಿಂಗಳುಗಟ್ಟಲೆ ನಡೆಯುವ ರೀಚಾರ್ಜಿನ ಹಣ ಕೆಲವೇ ದಿನಗಳಲ್ಲಿ ಖರ್ಚಾಗುತ್ತದೆ.

ಇದಕ್ಕಿಂತ ಭಯಂಕರವಾದ ಇನ್ನೊಂದು ಸಂಗತಿಯುಂಟು, ಅದನ್ನು ಬಲ್ಲವರು ಕಡಿಮೆ. ಅನೇಕ ಹಡಗುಗಳಲ್ಲಿ ವೈಫೈ ಅಲ್ಲದೆ ಪ್ರತ್ಯೇಕವಾದ ಮೊಬೈಲ್ ಟವರೂ ಇರುತ್ತದೆ. ಬಂದರಿನಲ್ಲಿರುವವರೆಗೆ ಅದನ್ನು ಬಂದ್ ಇಟ್ಟು, ದಡದಿಂದ ಸಾಮಾನ್ಯವಾಗಿ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ದೂರ ಸರಿದ ಮೇಲೆ ಚಾಲೂ ಮಾಡುತ್ತಾರೆ. ಊರಿನ ಟವರು ಕೈಬಿಟ್ಟೊಡನೆ ಹಸಿದ ಫೋನು ಈ ಹಡಗಿನ ಟವರನ್ನು ತಬ್ಬಿಕೊಳ್ಳುತ್ತದೆ. ಡೇಟಾ ರೋಮಿಂಗ್ ತೆರೆದಿದ್ದರೆ, ಜೇಬಿನೊಳಗೆ ಮಲಗಿರುವಂತೆಯೇ ಫೋಟೋಗಳನ್ನು ಮೇಲಕ್ಕೆ ಕಳುಹಿಸುತ್ತ, ಅಪ್ಲಿಕೇಶನ್‌ಗಳನ್ನು ನವೀಕರಿಸಿಕೊಳ್ಳುತ್ತ, ಗುಂಪಿನಲ್ಲಿ ಬಂದ ಶುಭೋದಯದ ಚಿತ್ರಗಳನ್ನೆಲ್ಲ ಇಳಿಸಿಕೊಳ್ಳುತ್ತ ಹಣವನ್ನು ಕರಗಿಸುತ್ತದೆ. ವಿದೇಶಗಳಿಗಾಗಿ ನಾವು ಕೊಂಡ ಸಾಮಾನ್ಯ ರೋಮಿಂಗ್ ಪ್ಯಾಕುಗಳಲ್ಲಿ ಹಡಗಿನ ಮತ್ತು ವಿಮಾನದ ಟವರುಗಳು ಪ್ರಾಯಶಃ ಸೇರಿರುವುದಿಲ್ಲ. ಪ್ಯಾಕು ಇದೆಯೆಂಬ ಧೈರ್ಯವೇ ಇಲ್ಲಿ ಮೋಸಕ್ಕೆ ಮೂಲವಾಗುತ್ತದೆ. ಆದುದರಿಂದ ಹಡಗು ಕಟ್ಟೆ ಬಿಡುವ ಸೀಟಿ ಕೇಳಿದೊಡನೆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಬೇಕಾದರೆ ವೈಫೈ ಒಂದನ್ನೇ ಮತ್ತೆ ತೆರೆದುಕೊಳ್ಳತಕ್ಕದ್ದು. ಹಾಗೆ ತೆರೆದ ವೈಫೈಯಲ್ಲಿ, ದುಡ್ಡು ಕಟ್ಟದಿದ್ದರೂ, ಹಡಗಿನದೇ ಅಪ್ಲಿಕೇಶನ್ ಅನೇಕ ಕಡೆ ಪುಕ್ಕಟೆಯಾಗಿ ನಡೆಯುತ್ತದೆ. ಊಟದ ವೇಳೆ, ಕಾರ್ಯಕ್ರಮಗಳು, ಮರುದಿನದ ಬಂದರಿನ ಸಮಯ ಅದರಲ್ಲಿಯೇ ದೊರೆಯುತ್ತವೆ.

ಸಮುದ್ರದ ಮೇಲೆ ಮೌನ, ದಡದ ಮೇಲೆ ಮಾತು ಎಂಬ ಕ್ರಮವನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ. ಆದರೆ ಆ ಕ್ರಮಕ್ಕೆ ಬೇಕಾದ ಮುಕ್ಕಾಲು ಪಾಲು ಕೆಲಸವು ಬಂದರಿನಲ್ಲಲ್ಲ, ಮನೆಯಲ್ಲಿಯೇ, ರೈಲು ಹತ್ತುವ ಮುನ್ನವೇ ಮುಗಿಯಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮೂರ ಕಡೆಯ ಒಂದು ಮೊಬೈಲ್ ಅಂಗಡಿಯಲ್ಲಿ ಸಕ್ಕರೆ ಕಾರಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಯಾತ್ರೆಗೆ ಹೊರಡುವ ಮುನ್ನಾದಿನ ಫೋನನ್ನು ಮುಂದಿಟ್ಟು, ಇದನ್ನು ಹತ್ತು ದಿನ ಪೂರ್ತಿ ಬಂದ್ ಇಡುವುದೇ ಮೇಲಲ್ಲವೇ ಎಂದು ಕೇಳಿದಾಗ, ಅಂಗಡಿಯ ಹುಡುಗನು, “ಮಾವಾರ, ಫೋನ್ ಬಂದ್ ಮಾಡಬ್ಯಾಡ್ರಿ, ನೆಟ್ ಅಷ್ಟ ಬಂದ್ ಮಾಡ್ರಿ, ಬ್ಯಾಂಕಿನ ಮೆಸೇಜ್ ಬರ್ತಿರಬೇಕಲ್ರೀ” ಎಂದು, ಸೆಟ್ಟಿಂಗ್ಸ್ ತೆರೆದು, ಸಿಮ್ ಕಾರ್ಡಿನ ಪುಟದಲ್ಲಿ ಡೇಟಾ ರೋಮಿಂಗ್ ಎಂಬ ಗುಂಡಿಯನ್ನು ಎಡಕ್ಕೆ ಸರಿಸಿ, ಅವರ ಬೆರಳಿನಿಂದಲೇ ಎರಡು ಸಲ ಅದನ್ನು ತೆರೆಸಿ ಮುಚ್ಚಿಸಿದನು. ಈ ನಾಲ್ಕು ನಿಮಿಷದ ಪಾಠಕ್ಕೆ ಸಮಾನವಾದ ಉಪಕಾರ ಇನ್ನೊಂದಿಲ್ಲ. ಹೊರದೇಶದಲ್ಲಿದ್ದಾಗ ಬ್ಯಾಂಕಿನ ಒಟಿಪಿ ನಮ್ಮ ಭಾರತೀಯ ನಂಬರಿಗೇ ಎಸ್ಸೆಮ್ಮೆಸ್ ಆಗಿ ಬರತಕ್ಕುದು. ಒಳಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೆ ಅದು ಬರಬೇಕಾದರೂ ಆ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಇರಬೇಕು. ಸೇವೆ ಬೇರೆ, ಡೇಟಾ ರೋಮಿಂಗ್ ಬೇರೆ: ಮೊದಲನೆಯದನ್ನು ಕಂಪನಿಯ ಕಡೆಯಿಂದ ತೆರೆಸಿಕೊಳ್ಳಬೇಕು, ಎರಡನೆಯದನ್ನು ನಮ್ಮ ಫೋನಿನಲ್ಲಿ ಮುಚ್ಚಬೇಕು.

ಅದೇ ದಿನ ಮನೆಯ ನೆಟ್ಟಿನಲ್ಲಿಯೇ ಮಾಡಿ ಮುಗಿಸಬೇಕಾದ ಇತರ ಕೆಲಸಗಳೂ ಉಂಟು. ಇಳಿಯಲಿರುವ ಪ್ರತಿಯೊಂದು ಊರಿನ ಭೂಪಟವನ್ನು ಗೂಗಲ್ ಮ್ಯಾಪ್ಸಿನಲ್ಲಿ ಆಫ್‌ಲೈನಾಗಿ ಇಳಿಸಿಟ್ಟುಕೊಂಡರೆ, ನೆಟ್ಟಿಲ್ಲದಿದ್ದರೂ ಜಿಪಿಎಸ್ ಬಲದಿಂದ ನಾವೆಲ್ಲಿದ್ದೇವೆಂಬ ನೀಲಿಯ ಚುಕ್ಕೆ ತೋರುತ್ತಲೇ ಇರುತ್ತದೆ. ದಾರಿ ಹುಡುಕುವುದಕ್ಕಾಗಿಯೇ ಡೇಟಾ ಕೊಳ್ಳುವವರ ಅರ್ಧ ಖರ್ಚು ಇದರಿಂದಲೇ ಉಳಿಯುತ್ತದೆ. ವಾಟ್ಸಾಪಿನಲ್ಲಿ ಚಿತ್ರ, ವಿಡಿಯೋಗಳು ತಾವಾಗಿಯೇ ಇಳಿಯುವುದನ್ನೂ, ಗೂಗಲ್ ಫೋಟೋಸಿನ ಬ್ಯಾಕಪ್ಪನ್ನೂ, ಅಪ್ಲಿಕೇಶನ್‌ಗಳ ಸ್ವಯಂ ನವೀಕರಣವನ್ನೂ ನಿಲ್ಲಿಸಬೇಕು. ಟಿಕೆಟು, ಪಾಸ್‌ಪೋರ್ಟಿನ ಪ್ರತಿ, ವಿಮೆಯ ಕಾಗದ ಇವೆಲ್ಲ ಫೋನಿನೊಳಗೇ ಉಳಿದಿರಬೇಕು. ಹಡಗಿನ ಹೆಸರು, ಅದು ನಿಲ್ಲುವ ಕಟ್ಟೆ, ಬಂದರಿನ ಏಜೆಂಟರ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವುದನ್ನು ಹಳೆಯ ಪದ್ಧತಿಯೆಂದು ತಿರಸ್ಕರಿಸಬಾರದು. ಬ್ಯಾಟರಿ ಇಳಿದ ಫೋನಿಗಿಂತ ಆ ಚೀಟಿ ಶ್ರೇಷ್ಠ.

ಭಾರತದೊಳಗಿನ ಬಂದರುಗಳಲ್ಲಿ ಇಳಿಯುವವರಿಗೆ ಚಿಂತೆ ಸ್ವಲ್ಪವೇ. ನಮ್ಮ ಸಿಮ್ಮೇ ಎಲ್ಲೆಡೆ ನಡೆಯುತ್ತದೆ, ದರವೂ ಊರಿನ ದರವೇ. ಡೇಟಾ ಮುಗಿದುಹೋದವರಿಗೆ ಅಥವಾ ಭಾರಿ ಫೈಲುಗಳನ್ನು ಇಳಿಸಿಕೊಳ್ಳಬೇಕಾದವರಿಗೆ ರೈಲ್ವೆ ನಿಲ್ದಾಣದ ವೈಫೈಯಷ್ಟು ಅಗ್ಗವಾದುದು ಬೇರೆ ಇಲ್ಲ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಮೊದಲುಗೊಂಡ ರೈಲ್‌ಟೆಲ್ ಸಂಸ್ಥೆಯ ಈ ಸೇವೆಯು ಈಗ 6,000ಕ್ಕೂ ಮಿಕ್ಕ ನಿಲ್ದಾಣಗಳಿಗೆ ಹಬ್ಬಿದೆ. ರೈಲ್‌ವೈರ್ ಎಂಬ ಹೆಸರನ್ನು ಆರಿಸಿ, ಮೊಬೈಲ್ ನಂಬರು ಕೊಟ್ಟು, ಬಂದ ಒಟಿಪಿಯನ್ನು ತುಂಬಿದರೆ ದಿನಕ್ಕೆ ಮೊದಲ 30 ನಿಮಿಷ ಉಚಿತ. ಅದರ ಮೇಲೆ ಬೇಕಾದವರಿಗೆ 2021ರಲ್ಲಿ ಪ್ರಕಟವಾದ ದರಪಟ್ಟಿಯಂತೆ 10 ರೂಪಾಯಿಗೆ ಒಂದು ದಿನದ 5 ಜಿಬಿ. ಮುಂಬಯಿಯಲ್ಲಿ ಮಹಾಲಕ್ಷ್ಮಿಯಿಂದ ಇಳಿದು ಹಡಗಿನ ಹೊತ್ತಿಗಾಗಿ ಕಾಯುವಾಗ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿಯೇ ಕೊನೆಯ ಬ್ಯಾಕಪ್ಪನ್ನು ಮುಗಿಸಿಕೊಳ್ಳುವುದು ಜಾಣತನ. ಹಡಗುಕಟ್ಟೆಯು ಅಲ್ಲಿಂದ ಹತ್ತಿರವೇ ಇದೆ. ಗೋವೆಯಲ್ಲಿ ಮುರ್ಮುಗಾವಿನಲ್ಲಿ ಇಳಿದವರಿಗೆ ಸಮೀಪದ ದೊಡ್ಡ ನಿಲ್ದಾಣ ವಾಸ್ಕೊ; ಉಗಾರದ ಮುಂದೆ ಹಾಯುವ ರೈಲುಹಳಿಯೇ ಕುಡಚಿ, ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ದಾಟಿ ಅಲ್ಲಿಗೆ ತಲುಪುತ್ತದೆಂಬುದನ್ನು ನೆನೆದಾಗ ಪರಸ್ಥಳವೆನಿಸುವುದಿಲ್ಲ.

ರೈಲ್ವೆಯ ವೈಫೈ ಇಲ್ಲದ ಕಡೆಗಳಲ್ಲಿ ನೆರವಾಗಬಹುದಾದ ಪಿಎಂ-ವಾಣಿ ಎಂಬ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಒಪ್ಪಿಗೆ ಕೊಟ್ಟಿತು. ಚಹದ ಅಂಗಡಿಯವನೂ ಕಿರಾಣಿಯವನೂ ಲೈಸೆನ್ಸಿನ ತಾಪತ್ರಯವಿಲ್ಲದೆ ತನ್ನ ಅಂಗಡಿಯ ನೆಟ್ಟನ್ನು ಅಲ್ಪ ದರಕ್ಕೆ ಮಾರಬಹುದೆಂಬುದು ಇದರ ಸಾರ. ಎಲ್ಲ ಬಂದರುಗಳಲ್ಲಿ ಸಿಕ್ಕೀತೆಂದು ನೆಚ್ಚಿಕೊಳ್ಳುವಂತಿಲ್ಲ; ಫೋನಿನಲ್ಲಿ ಇದರ ಅಪ್ಲಿಕೇಶನ್ ಒಂದನ್ನು ಇಟ್ಟುಕೊಂಡಿದ್ದರೆ ನಷ್ಟವೇನೂ ಇಲ್ಲ.

ಲಕ್ಷದ್ವೀಪದ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅಗತ್ತಿ ದ್ವೀಪದ ಬಳಿ ಹಡಗು ದೂರದಲ್ಲಿಯೇ ಲಂಗರು ಹಾಕಿ, ಯಾತ್ರಿಕರನ್ನು ದೋಣಿಗಳಲ್ಲಿ ದಡಕ್ಕೆ ಮುಟ್ಟಿಸುತ್ತದೆ. ಕೆಲವು ವರುಷಗಳ ಹಿಂದೆ ಇಲ್ಲಿ ಇಳಿದವರು ಹಡಗಿನಲ್ಲಿದ್ದುದಕ್ಕಿಂತ ಹೆಚ್ಚಿನ ನೆಟ್ಟನ್ನೇನೂ ಕಾಣುತ್ತಿರಲಿಲ್ಲ. ಏಕೆಂದರೆ ದ್ವೀಪಸಮೂಹಕ್ಕೆ ಸಮುದ್ರದ ತಳದ ತಂತಿಯಿಲ್ಲದೆ, ಅಲ್ಲಿಯ ಜನರೆಲ್ಲ ಉಪಗ್ರಹದ ಕೃಶವಾದ ಸಂಪರ್ಕವನ್ನೇ ಹಂಚಿಕೊಂಡು ಬದುಕುತ್ತಿದ್ದರು. ಕೊಚ್ಚಿಯಿಂದ 11 ದ್ವೀಪಗಳಿಗೆ 1,868 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಕೇಬಲನ್ನು ಸಮುದ್ರದಡಿಯಲ್ಲಿ ಹಾಸಿ, 2024ರ ಜನವರಿ 3ರಂದು ಕವರತ್ತಿಯಲ್ಲಿ ಪ್ರಧಾನಮಂತ್ರಿಗಳು ಅದನ್ನು ಉದ್ಘಾಟಿಸಿದ ಬಳಿಕ ಆ ಪರಿಸ್ಥಿತಿ ಬದಲಾಯಿತು. ಕನ್ನಡಿಗರಿಗೆ ಈ ದ್ವೀಪಗಳೊಂದಿಗೆ ಹಳೆಯ ಸಂಬಂಧವೂ ಉಂಟೆಂಬುದನ್ನು ಇಲ್ಲಿ ಹೇಳದೆ ಇರಲಾರೆ: 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಉತ್ತರದ ಅಮಿನ್‌ದಿವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಅವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ದ್ವೀಪಗಳಲ್ಲಿ ಎಲ್ಲ ಕಂಪನಿಗಳ ಟವರುಗಳು ಸಮನಾಗಿರುವುದಿಲ್ಲ. ಬಿಎಸ್ಸೆನ್ನೆಲ್ ಮತ್ತು ಏರ್‌ಟೆಲ್ ಅಲ್ಲಿ ಮೊದಲಿನಿಂದಲೂ ನೆಲೆಯೂರಿದವು. ನಾಲ್ವರ ಕುಟುಂಬದಲ್ಲಿ ನಾಲ್ವರೂ ಒಂದೇ ಕಂಪನಿಯ ಸಿಮ್ ಹಿಡಿದು ಹೋಗುವುದಕ್ಕಿಂತ ಒಬ್ಬರಾದರೂ ಬೇರೆ ಕಂಪನಿಯದನ್ನು ಇಟ್ಟುಕೊಂಡರೆ, ಅದರ ಹಾಟ್‌ಸ್ಪಾಟಿನಿಂದ ಉಳಿದವರ ಕೆಲಸವೂ ನೆರವೇರುತ್ತದೆ.

ಕೊಚ್ಚಿಯಲ್ಲಿ ವೆಲ್ಲಿಂಗ್ಡನ್ ದ್ವೀಪದ ಎರ್ನಾಕುಲಂ ವಾರ್ಫಿನಲ್ಲಿ 2021ರ ಫೆಬ್ರವರಿಯಲ್ಲಿ ತೆರೆದ ಸಾಗರಿಕಾ ಟರ್ಮಿನಲ್ ಇದೆ. ಪೇಟೆಗೆ ಹೋಗುವವರಿಗೆ ಅಲ್ಲಿ ನೆಟ್ಟಿನ ತೊಂದರೆಯೇ ಇಲ್ಲ.

ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿನ ಕಡೆಗೆ ತಿರುಗಿದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಬರುವ ವಿದೇಶೀ ಹಡಗುಗಳಿಂದ ಇಳಿದವರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಮತ್ತು ಕದ್ರಿಯ ದೇವಾಲಯಗಳು, ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳು, ಗೋಡಂಬಿ ಕಾರಖಾನೆ ಇವುಗಳನ್ನು ನೋಡಿ ಸಂಜೆಯೊಳಗೆ ಮರಳುತ್ತಾರೆ. ಅವರಲ್ಲಿ ಅನೇಕರು ಪುಕ್ಕಟೆ ವೈಫೈ ಎಂಬ ಫಲಕವನ್ನು ಕಂಡು ಸಂತೋಷದಿಂದ ಫೋನು ತೆಗೆದು, ಭಾರತೀಯ ಮೊಬೈಲ್ ನಂಬರನ್ನು ಕೇಳುವ ಪುಟದ ಮುಂದೆ ನಿರಾಶರಾಗಿ ನಿಲ್ಲುತ್ತಾರೆ. ಸಾರ್ವಜನಿಕ ವೈಫೈಯನ್ನು ಉಪಯೋಗಿಸುವವರ ಗುರುತು ದಾಖಲಾಗಬೇಕೆಂಬುದು ನಮ್ಮ ಸರ್ಕಾರದ ನಿಯಮ. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಅತಿಥಿಗೆ ಅದರಿಂದಾಗುವ ತೊಡಕನ್ನು ಕಂಡಾಗ, ಊರವರಾದ ನಾವು, ಟ್ಯಾಕ್ಸಿಯ ಚಾಲಕರೂ ಹೋಟೆಲಿನವರೂ, ಅಂಗಡಿಯ ಸ್ವಂತ ವೈಫೈ ಪಾಸ್‌ವರ್ಡನ್ನು ಊಟಮಾಡಿದವರಿಗೆ ಚೀಟಿಯಲ್ಲಿ ಬರೆದುಕೊಡುವಷ್ಟು ಸೌಜನ್ಯವನ್ನು ತೋರಿದರೆ ಎಷ್ಟು ಚೆನ್ನ! ನಾವು ಹೊರದೇಶದಲ್ಲಿ ಇಳಿದಾಗ ಬಯಸುವುದೂ ಅದನ್ನೇ ಅಲ್ಲವೇ.

ಹೊರದೇಶದ ಬಂದರುಗಳಲ್ಲಿ ಮೂರು ಮಾರ್ಗಗಳುಂಟು: ಭಾರತೀಯ ಸಿಮ್ಮಿನ ರೋಮಿಂಗ್ ಪ್ಯಾಕು, ಆ ದೇಶದ ಸಿಮ್, ಪುಕ್ಕಟೆಯ ವೈಫೈ. ಒಂದೇ ದೇಶದಲ್ಲಿ ಹೆಚ್ಚು ದಿನ ಇರುವವರಿಗೆ ಆ ದೇಶದ ಸಿಮ್ ಅಗ್ಗ. ಒಂದೊಂದು ದಿನಕ್ಕೆ ಒಂದೊಂದು ದೇಶವನ್ನು ಮುಟ್ಟಿ ಹೋಗುವ ಹಡಗಿನವರಿಗೆ ಪ್ರತಿ ಬಂದರಿನಲ್ಲಿ ಪಾಸ್‌ಪೋರ್ಟು ತೋರಿಸಿ ಸಾಲಿನಲ್ಲಿ ನಿಂತು ಸಿಮ್ ಕೊಳ್ಳುವುದು ಹಣಕ್ಕಿಂತ ಮಿಗಿಲಾಗಿ ಹೊತ್ತನ್ನು ನುಂಗುತ್ತದೆ. ಅಂಥವರು ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಪ್ಯಾಕನ್ನು ಊರಿನಲ್ಲಿಯೇ ಹಾಕಿಸಿಕೊಂಡು, ಅದರ ದೇಶಗಳ ಪಟ್ಟಿಯಲ್ಲಿ ತಾವು ಇಳಿಯುವ ಪ್ರತಿಯೊಂದು ದೇಶದ ಹೆಸರೂ ಇದೆಯೇ ಎಂದು ಓದಿನೋಡಬೇಕು. ಪ್ಯಾಕಿನ ದಿನಗಳು ಮೊದಲ ಬಳಕೆಯಿಂದ ಎಣಿಕೆಯಾಗುತ್ತವೆಯೋ, ಹಾಕಿಸಿಕೊಂಡ ದಿನದಿಂದಲೋ ಎಂಬುದನ್ನೂ ಕೇಳಿ ತಿಳಿದಿರಬೇಕು. ಇಸಿಮ್ ಎಂಬ ಹೊಸ ಅನುಕೂಲವೂ ಬಂದಿದೆ. ಫೋನಿನೊಳಗೇ ಇನ್ನೊಂದು ಸಿಮ್ ಇದ್ದಂತಾಗುವುದರಿಂದ ಹಳೆಯದನ್ನು ತೆಗೆಯುವ, ಕಳೆದುಕೊಳ್ಳುವ ಭಯವಿಲ್ಲ. ಆದರೆ ಅದನ್ನು ಫೋನಿಗೆ ಇಳಿಸಿಕೊಳ್ಳುವುದಕ್ಕೇ ನೆಟ್ಟು ಬೇಕಾದುದರಿಂದ ಹಡಗು ಹತ್ತುವ ಮೊದಲೇ ಆ ಕೆಲಸ ಆಗಬೇಕು. ಅನುಮತಿಯಿಲ್ಲದೆ ಇಲ್ಲಿ ವಿದೇಶೀ ಇಸಿಮ್ ಮಾರುತ್ತಿದ್ದ ಅಪ್ಲಿಕೇಶನ್‌ಗಳನ್ನು 2024ರ ಜನವರಿಯಲ್ಲಿ ಸರ್ಕಾರವು ತೆಗೆಸಿತೆಂಬುದನ್ನು ನೆನಪಿನಲ್ಲಿಟ್ಟು, ಪರಿಚಿತವಾದ ಟೆಲಿಕಾಂ ಕಂಪನಿಯಿಂದಲೇ ಕೊಳ್ಳುವುದು ಕ್ಷೇಮ.

ಸಿಂಗಪುರದಲ್ಲಿ ಇಳಿದವರು ಭಾಗ್ಯವಂತರು. 2006ರ ಡಿಸೆಂಬರಿನಿಂದ ಅಲ್ಲಿಯ ಸರ್ಕಾರವು ವೈರ್‌ಲೆಸ್ ಅಟ್ ಎಸ್‌ಜಿ ಎಂಬ ಉಚಿತ ವೈಫೈಯನ್ನು ನಡೆಸುತ್ತಿದ್ದು, ಮೆಟ್ರೋ ನಿಲ್ದಾಣ, ಗ್ರಂಥಾಲಯ, ಸಾರ್ವಜನಿಕ ಭೋಜನಕೇಂದ್ರ ಮುಂತಾದೆಡೆಗಳಲ್ಲಿ ಅದು ದೊರೆಯುತ್ತದೆ. ಪರದೇಶದ ಮೊಬೈಲ್ ನಂಬರಿಗೂ ಒಟಿಪಿ ಬರುತ್ತದೆ. ದುಬೈಯಲ್ಲಿ ನೆಟ್ಟಿಗೆ ಕೊರತೆಯಿಲ್ಲ, ಆದರೆ ಇನ್ನೊಂದು ವಿಚಿತ್ರವುಂಟು: ವಾಟ್ಸಾಪಿನಲ್ಲಿ ಸಂದೇಶವೂ ಚಿತ್ರವೂ ಹೋಗುತ್ತವೆ, ಕರೆ ಮಾತ್ರ ಹೋಗುವುದಿಲ್ಲ, ಏಕೆಂದರೆ ಇಂಟರ್ನೆಟ್ಟಿನ ಮೂಲಕ ಮಾತನಾಡುವ ಸೇವೆಗಳಿಗೆ ಅಲ್ಲಿಯ ಸರ್ಕಾರದ ನಿರ್ಬಂಧವಿದೆ. ಇದನ್ನು ತಿಳಿಯದೆ, ಮೊಮ್ಮಕ್ಕಳ ಮುಖ ನೋಡಲೆಂದೇ ಸಿಮ್ ಕೊಂಡು ಫೋನು ಕೆಟ್ಟಿತೆಂದು ಮರುಗಿದವರಿದ್ದಾರೆ. ಅಂಥಲ್ಲಿ ಧ್ವನಿಯನ್ನೋ ಚಿಕ್ಕ ವಿಡಿಯೋವನ್ನೋ ಮುದ್ರಿಸಿ ಕಳುಹಿಸುವುದೇ ಮಾರ್ಗ. 2023ರ ಜೂನಿನಿಂದ ಚೆನ್ನೈಯಿಂದ ಹೊರಡುವ ವಿಹಾರದ ಹಡಗು ಶ್ರೀಲಂಕೆಯ ಹಂಬನ್‌ತೋಟ, ತ್ರಿಕೋನಮಲೆ, ಕಂಕೇಶನ್‌ತುರೈಗಳನ್ನು ಮುಟ್ಟಲಾರಂಭಿಸಿತು. ಲಂಕೆಯಲ್ಲಿ ಡಯಲಾಗ್, ಮೊಬಿಟೆಲ್ ಕಂಪನಿಗಳ ಪ್ರವಾಸಿ ಸಿಮ್ಮುಗಳು ಪಾಸ್‌ಪೋರ್ಟು ತೋರಿಸಿದವರಿಗೆ ದೊರೆಯುತ್ತವೆ.

ಯೂರೋಪಿನ ಮೆಡಿಟರೇನಿಯನ್ ಕಡಲಿಗೆ ಹೋಗುವವರಿಗೆ ಒಂದು ದೊಡ್ಡ ಉಪಕಾರವಿದೆ. 2017ರ ಜೂನ್ 15ರಿಂದ ಯೂರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ ಒಕ್ಕೂಟದ ಇತರ ದೇಶಗಳಲ್ಲಿಯೂ ಅದೇ ದರದಲ್ಲಿ ನಡೆಯತಕ್ಕದ್ದೆಂದು ಕಾನೂನಾಗಿದೆ. ಬಾರ್ಸಿಲೋನಾದಲ್ಲಿ ಕೊಂಡ ಸಿಮ್ ಮಾರ್ಸೇ, ನೇಪಲ್ಸ್, ಅಥೆನ್ಸ್‌ಗಳಲ್ಲಿಯೂ ಸಲ್ಲುತ್ತದೆ. ತುರ್ಕಿಯಲ್ಲಿ ಸಲ್ಲುವುದಿಲ್ಲ, ಹಡಗಿನ ಟವರಿನಲ್ಲಂತೂ ಸಲ್ಲುವುದೇ ಇಲ್ಲ. ನಮ್ಮ ಗಡಿನಾಡಿನವರು ದಶಕಗಳ ಕಾಲ ಬಯಸಿ ಪಡೆದ ಅನುಕೂಲವನ್ನು ಹಲವು ರಾಷ್ಟ್ರಗಳು ಕೂಡಿ ತಮ್ಮೊಳಗೆ ಒದಗಿಸಿಕೊಂಡಿರುವುದನ್ನು ನೋಡಿ ನನಗೆ ಗೌರವವೆನಿಸುತ್ತದೆ.

ಪುಕ್ಕಟೆ ವೈಫೈಯನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಹಡಗಿನ ನೌಕರರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಮಂಗಳೂರು, ಉಡುಪಿ, ಗೋವೆಗಳ ಕಡೆಯ ಅನೇಕ ತರುಣರು ವಿಹಾರನೌಕೆಗಳಲ್ಲಿ ಅಡುಗೆಯವರಾಗಿ, ಪರಿಚಾರಕರಾಗಿ ದುಡಿಯುತ್ತಾರೆ. ತಿಂಗಳುಗಟ್ಟಲೆ ಮನೆಯನ್ನು ಬಿಟ್ಟಿರುವ ಅವರಿಗೆ ದಡದ ನೆಟ್ಟೆಂಬುದು ಹೆಂಡತಿ-ಮಕ್ಕಳ ದರ್ಶನಕ್ಕೆ ಸಮಾನ. ಊಟದ ಮೇಜಿನ ಬಳಿ ಕನ್ನಡದಲ್ಲಿ ಒಂದು ಮಾತು ಆಡಿ, ನಾಳೆಯ ಬಂದರಿನಲ್ಲಿ ನೆಟ್ ಎಲ್ಲಿ ಚೆನ್ನಾಗಿದೆ ತಮ್ಮಾ ಎಂದು ಕೇಳಿದರೆ, ಯಾವ ಕಾಫಿ ಅಂಗಡಿ, ಯಾವ ಬೀದಿ, ಎಷ್ಟು ನಿಮಿಷದ ನಡಿಗೆ ಎಂಬುದನ್ನೆಲ್ಲ ಸಂತೋಷದಿಂದ ಹೇಳುತ್ತಾರೆ. ಟರ್ಮಿನಲಿನೊಳಗಿನ ವೈಫೈಗೆ ಇಡೀ ಹಡಗೇ ಮುತ್ತಿಕೊಳ್ಳುವುದರಿಂದ ಅದು ಕುಂಟುತ್ತದೆ. ಹತ್ತು ನಿಮಿಷ ಊರೊಳಗೆ ನಡೆದು, ಸಾರ್ವಜನಿಕ ಗ್ರಂಥಾಲಯವನ್ನೋ ಒಂದು ಸಾಧಾರಣ ಕಾಫಿ ಅಂಗಡಿಯನ್ನೋ ಹೊಕ್ಕವರಿಗೆ ಒಳ್ಳೆಯ ವೇಗ ಸಿಗುತ್ತದೆ. ಅಂಗಡಿಯಲ್ಲಿ ಮೊದಲು ಏನಾದರೂ ಕೊಂಡು ಅನಂತರ ಪಾಸ್‌ವರ್ಡ್ ಕೇಳುವುದು ಮರ್ಯಾದೆ.

ಅಂಥ ಸಾರ್ವಜನಿಕ ವೈಫೈಗಳಲ್ಲಿ ಚಿತ್ರ ಕಳುಹಿಸಿ, ಸುದ್ದಿ ಓದಿ, ಕರೆ ಮಾಡಿ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಮಾಡಬೇಡಿ. ಒಂದೇ ಹೆಸರಿನ ಎರಡು ವೈಫೈಗಳು ಕಂಡಲ್ಲಿ ಒಂದು ಕಳ್ಳನದಿರಬಹುದೆಂದು ಶಂಕಿಸಿ, ಸರಿಯಾದುದು ಯಾವುದೆಂದು ಅಂಗಡಿಯವನನ್ನೇ ಕೇಳಬೇಕು. ಯುಪಿಐ ಈಗ ಶ್ರೀಲಂಕೆ, ಮಾರಿಷಸ್, ಸಂಯುಕ್ತ ಅರಬ್ ಸಂಸ್ಥಾನಗಳ ಕೆಲವು ಅಂಗಡಿಗಳಲ್ಲಿಯೂ ನಡೆಯುವಂತಾಗಿದೆ. ಅದಕ್ಕೆ ಅಪ್ಲಿಕೇಶನ್ನಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲೇ ತೆರೆದಿರಬೇಕು. ಹಣ ಕೊಡುವಾಗ ನಿಮ್ಮದೇ ಸಿಮ್ಮಿನ ಡೇಟಾವನ್ನು ಎರಡು ನಿಮಿಷ ತೆರೆದು, ಕೆಲಸವಾದೊಡನೆ ಮುಚ್ಚುವುದು ಉತ್ತಮ.

ಮನೆಯ ಮಗನನ್ನು ಹಡಗಿನ ಕೆಲಸಕ್ಕೆ ಕಳುಹಿಸಿದ ಕುಟುಂಬಗಳಿಗೂ ಒಂದು ಮಾತು. ನೌಕಾಕಾರ್ಮಿಕರಿಗಾಗಿ 2006ರಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಸ್ವೀಕರಿಸಿತು. ಹಡಗಿನ ಮಾಲಿಕರು ನೌಕರರಿಗೆ ಮನೆಯವರೊಡನೆ ಸಂಪರ್ಕಕ್ಕಾಗಿ ಸಾಧ್ಯವಾದ ಮಟ್ಟಿಗೆ ಇಂಟರ್ನೆಟ್ ಒದಗಿಸಬೇಕು, ಶುಲ್ಕವಿದ್ದರೆ ಅದು ನ್ಯಾಯವಾದುದಾಗಿರಬೇಕು ಎಂಬ ತಿದ್ದುಪಡಿ 2024ರ ಡಿಸೆಂಬರ್ 23ರಿಂದ ಜಾರಿಗೆ ಬಂದಿದೆ. ದಡದಲ್ಲಿಯೂ ಅನೇಕ ಬಂದರುಗಳಲ್ಲಿ ನಾವಿಕರ ಕೇಂದ್ರಗಳಿದ್ದು, 1856ರಲ್ಲಿ ಆರಂಭವಾದ ಮಿಷನ್ ಟು ಸೀಫೇರರ್ಸ್ ಎಂಬ ಸಂಸ್ಥೆಯೂ ಸ್ಟೆಲ್ಲಾ ಮಾರಿಸ್ ಎಂಬ ಸಂಸ್ಥೆಯೂ ಜಾತಿಮತಗಳನ್ನು ಕೇಳದೆ ನಾವಿಕರಿಗೆ ವೈಫೈಯನ್ನೂ ಸಿಮ್ಮನ್ನೂ ಕುಳಿತುಕೊಳ್ಳಲು ಒಂದು ನೆರಳನ್ನೂ ಒದಗಿಸುತ್ತವೆ. ಈ ಕೇಂದ್ರಗಳು ನಾವಿಕರಿಗಾಗಿ ಇರುವುವು. ಪ್ರಯಾಣಿಕರು ಅಲ್ಲಿಯ ಜಾಗವನ್ನು ಆಕ್ರಮಿಸುವುದು ಸಲ್ಲದು.

ನೆಟ್ಟು ಸಿಕ್ಕ ಸಂತೋಷದಲ್ಲಿ ಹೊತ್ತು ಮರೆಯುವುದೇ ದಡದ ಮೇಲಿನ ದೊಡ್ಡ ಅಪಾಯ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಟವರು ಹಿಡಿದೊಡನೆ ಫೋನು ತಾನಾಗಿಯೇ ಊರಿನ ವೇಳೆಗೆ 1 ತಾಸೋ ಅರ್ಧ ತಾಸೋ ಹಿಂದುಮುಂದಾಗುತ್ತದೆ, ಹಡಗು ಮಾತ್ರ ತನ್ನ ವೇಳೆಗೇ ಹೊರಡುತ್ತದೆ. ಕೈಗಡಿಯಾರವೊಂದನ್ನು ಹಡಗಿನ ವೇಳೆಗೆ ಇಟ್ಟು ಕಟ್ಟಿಕೊಂಡು, ಹೊರಡುವ ಹೊತ್ತಿಗೆ 1 ತಾಸು ಮುಂಚೆ ಮರಳಿ, ಹಡಗಿನ ಮೆಟ್ಟಿಲನ್ನು ಏರುವಾಗಲೇ ಏರ್‌ಪ್ಲೇನ್ ಮೋಡನ್ನು ಹಾಕಬೇಕು. ಊರಿಗೆ ಬಂದ ಮೇಲೆ ಪೋಸ್ಟ್‌ಪೇಯ್ಡ್ ಸಂಪರ್ಕದವರು ಮುಂದಿನ ಎರಡು ತಿಂಗಳ ಬಿಲ್ಲನ್ನು ತಪ್ಪದೆ ಓದಬೇಕು, ಏಕೆಂದರೆ ರೋಮಿಂಗಿನ ಲೆಕ್ಕ ಕೆಲವೊಮ್ಮೆ ತಡವಾಗಿ ಬಂದು ಸೇರುತ್ತದೆ. ತಮ್ಮದಲ್ಲದ ಖರ್ಚು ಅದರಲ್ಲಿ ಕಂಡರೆ ಕಂಪನಿಯ ದೂರುಕೇಂದ್ರಕ್ಕೆ ಕರೆಮಾಡಿ ಡಾಕೆಟ್ ನಂಬರನ್ನು ಬರೆದಿಟ್ಟುಕೊಂಡು, ಸಮಾಧಾನವಾಗದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಂತೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಬರೆಯಬಹುದು, ಅಪೀಲಿಗೆ ಶುಲ್ಕವಿಲ್ಲ.